ಎಡಗಡೆಯ ಸ್ಪೀಕರು ಮಾತಾಡುವವರೆಗೆ

ಬ್ರಹ್ಮಾವರದ ದೊಡ್ಡಮ್ಮನ ಮನೆಯ ಅಟ್ಟದಿಂದ ಅದನ್ನು ಇಳಿಸಲು ಇಬ್ಬರು ಬೇಕಾಯಿತು. ಹಳೆಯ ಚಾದರದಲ್ಲಿ ಸುತ್ತಿ, ಮೇಲೆ ತೆಂಗಿನ ನಾರಿನ ಹಗ್ಗ ಬಿಗಿದು ಇಟ್ಟಿದ್ದರು. ಗಂಟು ಬಿಚ್ಚಿ ಚಾದರ ಸರಿಸಿದಾಗ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಮುಖ ಕಂಡಿತು. ಅದರ ಅಗಲಕ್ಕೂ ಗಾಜಿನ ಡಯಲ್, ಎರಡು ಪುಟ್ಟ ಮೀಟರ್, ಅಂಗೈ ತುಂಬುವ ಟ್ಯೂನಿಂಗ್ ಗುಂಡಿ. 1978ರಲ್ಲಿ ದೊಡ್ಡಪ್ಪ ಕುವೈತಿನಿಂದ ರಜೆಗೆ ಬಂದಾಗ ತಂದಿದ್ದ ಜಪಾನಿ ಸ್ಟೀರಿಯೊ ರಿಸೀವರ್, ಒಂದೊಂದು ಚಾನೆಲ್ಲಿಗೆ 40 ವಾಟ್. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಲೆಕ್ಕ ಹಾಕಿದರೆ 22 ಮಳೆಗಾಲ ಅಟ್ಟದಲ್ಲೇ ಕಳೆದಿತ್ತು.

“ಬರ್ತದಾ ನೋಡು ಮಗಾ. ಬಾರದಿದ್ರೆ ಗುಜರಿಯವನಿಗೆ ಕೊಡುವ,” ಎಂದರು ದೊಡ್ಡಮ್ಮ.

ನಾನು ಆಗಲೇ ವಯರಿನ ಧೂಳು ಒರೆಸಿ ಪ್ಲಗ್ ಕೈಗೆ ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಉಡುಪಿಯ ಹಳೆಯ ರೇಡಿಯೊ ಮೆಕ್ಯಾನಿಕ್ ಒಬ್ಬರ ನೆನಪಾಗಿ ಫೋನ್ ಮಾಡಿದೆ. ವಾಲ್ವ್ ರೇಡಿಯೊಗಳ ಕಾಲದಿಂದ ಕೆಲಸ ಮಾಡಿ ಈಗ ಅಂಗಡಿ ಮುಚ್ಚಿ ಮನೆಯಲ್ಲಿರುವವರು. ವಿಷಯ ಕೇಳಿದವರೇ ಹೇಳಿದರು: “ಪ್ಲಗ್ ಹಾಕ್ಬೇಡಿ ಮಾರಾಯ್ರೆ. ಇವತ್ತು ಕರೆಂಟ್ ಬೇಡ. ಮೊದ್ಲು ಮುಚ್ಚಳ ತೆಗೀರಿ, ಕಣ್ಣಲ್ಲಿ ನೋಡಿ. ನಾಳೆ ಸೀರೀಸ್ ಬೋರ್ಡ್ ಮಾಡುವ.”

ಹಳೆಯ ಸೆಟ್ಟನ್ನು ರಿಪೇರಿ ಮಾಡಲು ಹೊರಟ ಹೊಸಬರಿಗೆ ನಾನು ಮೊದಲು ಹೇಳುವ ಮಾತೂ ಇದೇ. ಸಿಕ್ಕ ದಿನವೇ ಸ್ವಿಚ್ ಒತ್ತಿ ನೋಡುವ ಆಸೆಯನ್ನು ತಡೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ರಿಸೀವರ್ ಎಂದರೆ ಮೂರು ಯಂತ್ರಗಳು ಒಂದೇ ಪೆಟ್ಟಿಗೆಯಲ್ಲಿ ಕೂತಿರುವುದು. ರೇಡಿಯೊ ಹಿಡಿಯುವ ಟ್ಯೂನರ್ ಒಂದು. ಗ್ರಾಮಫೋನ್ ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟ್‌ಗಳ ಸಂಕೇತವನ್ನು ಎತ್ತಿ, ಬಾಸ್ ಟ್ರೆಬಲ್ ಹದಮಾಡುವ ಪ್ರಿ-ಆಂಪ್ಲಿಫೈಯರ್ ಇನ್ನೊಂದು. ಸ್ಪೀಕರಿನ ಕಾಗದದ ಕೋನನ್ನು ನೂಕುವಷ್ಟು ಬಲ ಕೊಡುವ ಪವರ್ ಆಂಪ್ಲಿಫೈಯರ್ ಮೂರನೆಯದು. ಅಮೆರಿಕದಲ್ಲಿ 1961ರ ಜೂನ್ 1ರಂದು ಸ್ಟೀರಿಯೊ ಎಫ್‌ಎಂ ಪ್ರಸಾರಕ್ಕೆ ಅನುಮತಿ ಜಾರಿಗೆ ಬಂದ ಮೇಲೆ ಇಂಥ ಪೆಟ್ಟಿಗೆಗಳಿಗೆ ಬೇಡಿಕೆ ಹುಟ್ಟಿತು. ಮೊದಲ ದಶಕ ಫಿಷರ್, ಸ್ಕಾಟ್ ಮುಂತಾದ ಅಮೆರಿಕದ ಕಂಪನಿಗಳದು. ಸೌಲ್ ಮರಾಂಟ್ಜ್ ನ್ಯೂಯಾರ್ಕಿನಲ್ಲಿ ಕಟ್ಟಿದ ಕಂಪನಿ 1964ರಲ್ಲಿ ಸೂಪರ್‌ಸ್ಕೋಪ್ ಕೈಗೆ ಹೋಗಿ, ತಯಾರಿಕೆ ಜಪಾನಿಗೆ ಸಾಗಿತು. 1970ರ ದಶಕ ಪೂರ್ತಿ ಜಪಾನಿನದೇ: ಪಯೊನಿಯರ್, ಸಾನ್‌ಸುಯಿ, ಕೆನ್‌ವುಡ್, ಯಮಾಹಾ. 1974ರಲ್ಲಿ ಅಮೆರಿಕ ಸರ್ಕಾರ ವಾಟ್ ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳಬೇಕೆಂದು ನಿಯಮ ತಂದಿತು. ಆಮೇಲೆ ನಿಜವಾದ ವಾಟ್‌ಗಳ ಪೈಪೋಟಿ ಶುರುವಾಗಿ, 1978ರ ಪಯೊನಿಯರ್ ಎಸ್‌ಎಕ್ಸ್-1980 ಚಾನೆಲ್ಲಿಗೆ 270 ವಾಟ್, ತೂಕ 35 ಕಿಲೋ ಎಂಬಲ್ಲಿಗೆ ಮುಟ್ಟಿತು. ತೈಲದ ಹಣದ ಅದೇ ವರ್ಷಗಳಲ್ಲಿ ನಮ್ಮ ಕರಾವಳಿಯವರು ಕೊಲ್ಲಿಗೆ ಹೋದರು. ರಜೆಯ ಸಾಮಾನಿನ ಜತೆ ಇಂಥ ಸೆಟ್ಟುಗಳು ಊರಿಗೆ ಬಂದವು, ಮೇಲೆ ಕ್ರೋಶಾ ಹೆಣೆದ ಬಟ್ಟೆ ಹೊದ್ದು ಚಾವಡಿಯಲ್ಲಿ ಕೂತವು.

ಈ ಪೀಳಿಗೆಯ ಸೆಟ್ಟುಗಳನ್ನು ಹೊಸಬರೂ ಮುಟ್ಟಬಹುದು. ಅದಕ್ಕೆ ಕಾರಣ ಅವನ್ನು ಕಟ್ಟಿದ ರೀತಿ. ಎಂಟು ಸ್ಕ್ರೂ ತೆಗೆದರೆ ಮುಚ್ಚಳ ಬರುತ್ತದೆ. ಒಳಗಿನ ಪ್ರತಿಯೊಂದು ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್ ಬೆರಳಿಗೆ ಸಿಗುವಷ್ಟು ದೊಡ್ಡದು, ಪ್ರತಿಯೊಂದಕ್ಕೂ ಬೋರ್ಡಿನ ಮೇಲೆ ನಂಬರ್ ಅಚ್ಚಾಗಿದೆ. ಕಂಪನಿಗಳು ಸರ್ವಿಸ್ ಮ್ಯಾನ್ಯುಯಲ್ ಅಚ್ಚು ಹಾಕುತ್ತಿದ್ದವು. ಸರ್ಕ್ಯೂಟ್ ನಕ್ಷೆಯಲ್ಲಿ ಯಾವ ಟ್ರಾನ್ಸಿಸ್ಟರಿನ ಯಾವ ಕಾಲಿನಲ್ಲಿ ಎಷ್ಟು ವೋಲ್ಟ್ ಇರಬೇಕು ಎಂಬುದನ್ನೂ ಬರೆದಿರುತ್ತಾರೆ. ನನ್ನ ಸೆಟ್ಟಿನ ಮ್ಯಾನ್ಯುಯಲಿನ ಸ್ಕ್ಯಾನ್ ಪ್ರತಿ ಸಿಕ್ಕಾಗ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಇದನ್ನು ಮುಂದೊಂದು ದಿನ ಯಾರೋ ಬಿಚ್ಚುತ್ತಾರೆ, ಅವರಿಗೆ ದಾರಿ ಗೊತ್ತಾಗಬೇಕು ಎಂದು ಆ ಎಂಜಿನಿಯರುಗಳು ಯೋಚಿಸಿದ್ದರು. ಆ ಕಾಳಜಿಯ ಬಗ್ಗೆ ನನಗೆ ಇಂದಿಗೂ ದೊಡ್ಡ ಗೌರವ.

ಮುಚ್ಚಳ ತೆಗೆದೆ. ಕಣಜ ಟ್ರಾನ್ಸ್‌ಫಾರ್ಮರಿನ ಬದಿಗೆ ಮಣ್ಣಿನ ಗೂಡು ಕಟ್ಟಿ ಬಿಟ್ಟುಹೋಗಿತ್ತು. ಟ್ಯೂನರ್ ಬೋರ್ಡಿನ ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆಚಿಪ್ಪು, ಸುಣ್ಣದ ಬಿಲ್ಲೆಯಂತೆ ಬೋರ್ಡಿಗೇ ಅಂಟಿಕೊಂಡಿದ್ದವು. ಧೂಳು ಅಲ್ಲಲ್ಲಿ ಬಟ್ಟೆಯ ಹಾಗೆ ಹೆಣೆದುಕೊಂಡಿತ್ತು. ಪೇಂಟಿನ ಮೆತ್ತನೆ ಬ್ರಷ್ಷಿನಿಂದ ಸಡಿಲಿಸುತ್ತ, ವ್ಯಾಕ್ಯೂಮ್ ಕ್ಲೀನರಿನ ಬಾಯನ್ನು ಒಂದು ಗೇಣು ದೂರ ಹಿಡಿದು ಎಳೆದುಕೊಂಡೆ. ಹಲ್ಲಿಯ ಹಿಕ್ಕೆ ತಾಮ್ರವನ್ನು ತಿನ್ನುತ್ತದೆ, ಅದನ್ನು ಬಿಡಬಾರದು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದಾಗ ಹಸಿರುಗಟ್ಟಿದ ಎರಡು ಗೆರೆಗಳು ಕಂಡವು. ಮಲ್ಟಿಮೀಟರ್ ಇಟ್ಟು ನೋಡಿದರೆ ತುಂಡಾಗಿರಲಿಲ್ಲ.

ಅದೇ ಆಲ್ಕೋಹಾಲನ್ನು ಡಯಲ್ ಗಾಜಿಗೆ ಮಾತ್ರ ತಾಗಿಸಬೇಡಿ. ಅಂಕಿಗಳನ್ನು ಗಾಜಿನ ಹಿಂಬದಿಗೆ ಬಣ್ಣದಲ್ಲಿ ಅಚ್ಚು ಹಾಕಿರುತ್ತಾರೆ. ಆಲ್ಕೋಹಾಲ್ ಇರಲಿ, ಕಿಟಕಿ ಒರೆಸುವ ದ್ರವ ಇರಲಿ, ಒಂದು ಸಲ ಎಳೆದರೆ 88ರಿಂದ 108ರವರೆಗಿನ ಅಂಕಿಗಳು ಬಟ್ಟೆಗೆ ಬಂದುಬಿಡುತ್ತವೆ. ಅವನ್ನು ಮತ್ತೆ ಬರೆಯಲು ಆಗುವುದಿಲ್ಲ. ಹೊರಮುಖಕ್ಕೆ ಒದ್ದೆ ಬಟ್ಟೆ ಸಾಕು, ಒಳಮುಖದ ಧೂಳನ್ನು ಒಣ ಬ್ರಷ್ಷಿನಿಂದ ಹೊಡೆದು ಬಿಟ್ಟುಬಿಡಿ.

ಮರುದಿನ ಆ ಹಿರಿಯ ಮೆಕ್ಯಾನಿಕ್ ಅವರೇ ಬಂದರು. ಮೊದಲ ಕೆಲಸ ಸೀರೀಸ್ ಬೋರ್ಡ್. ಟಿ.ವಿ. ಮೆಕ್ಯಾನಿಕ್‌ಗಳ ಅಂಗಡಿಯಲ್ಲಿ ಇದನ್ನು ನೋಡಿಯೇ ಇರುತ್ತೀರಿ: ಮರದ ಹಲಗೆಯ ಮೇಲೆ ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್. ಫೇಸ್ ವಯರು ಬಲ್ಬಿನ ಮೂಲಕ ಹಾದು ಸಾಕೆಟ್ಟಿಗೆ ಬರುತ್ತದೆ. ಹಾಕಬೇಕಾದದ್ದು ತಂತಿ ಕಾಯುವ ಹಳೆಯ 100 ವಾಟ್ ಬಲ್ಬು, ಎಲ್‌ಇಡಿ ಆಗದು. ತಣ್ಣಗಿದ್ದಾಗ ಆ ತಂತಿಯ ರೋಧ ತೀರ ಕಡಿಮೆ, ಕಾದಾಗ ಸುಮಾರು 530 ಓಮ್. ಸೆಟ್ಟಿನೊಳಗೆ ಶಾರ್ಟ್ ಇದ್ದರೆ 230 ವೋಲ್ಟೂ ಬಲ್ಬಿನ ಮೇಲೇ ಬಿದ್ದು ಅದು ಪೂರ್ತಿ ಉರಿಯುತ್ತದೆ. ಆಗಲೂ ಸೆಟ್ಟಿಗೆ ಅರ್ಧ ಆಂಪಿಯರಿಗಿಂತ ಹೆಚ್ಚು ಹೋಗುವುದಿಲ್ಲ. ಎಲ್ಲ ಸರಿ ಇದ್ದರೆ ಬಲ್ಬು ಒಮ್ಮೆ ಹೊತ್ತಿ, ಒಳಗಿನ ದೊಡ್ಡ ಕೆಪಾಸಿಟರುಗಳು ತುಂಬುತ್ತ ಬಂದಂತೆ ಮಂಕಾಗುತ್ತದೆ.

ಪ್ಲಗ್ ಹಾಕುವ ಮೊದಲು ಹಿಂಬದಿಯ ವೋಲ್ಟೇಜ್ ಸೆಲೆಕ್ಟರ್ ನೋಡಿದೆವು. ಕೊಲ್ಲಿಗೆ ಬಂದ ಸೆಟ್ಟಾದ್ದರಿಂದ 110, 120, 220, 240 ನಾಲ್ಕೂ ಇದ್ದವು, ಬಾಣ 240ರಲ್ಲಿತ್ತು. ಅದನ್ನು ಅಲ್ಲೇ ಬಿಟ್ಟೆವು. ನಮ್ಮ ಹಳ್ಳಿಯ ಲೈನಿನಲ್ಲಿ ರಾತ್ರಿ ವೋಲ್ಟೇಜ್ ಏರಿದಾಗ 220ಕ್ಕಿಂತ 240ರ ಜಾಗವೇ ಕ್ಷೇಮ. ಅಮೆರಿಕದಿಂದ ತಂದ ಸೆಟ್ಟಾದರೆ ಬರೀ 120 ಇರುತ್ತದೆ, ಜಪಾನಿನೊಳಗಿನ ಮಾರಾಟಕ್ಕೆ ಮಾಡಿದ್ದಾದರೆ 100. ಅವಕ್ಕೆ ಸಾಕಷ್ಟು ದೊಡ್ಡ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಸಾಕೆಟ್ ತೋರಿಸಲೂಬಾರದು.

ಸ್ವಿಚ್ ಒತ್ತಿದೆ. ಬಲ್ಬು ಝಗ್ಗನೆ ಹೊತ್ತಿತು. ನನ್ನ ಉಸಿರು ನಿಂತಿತ್ತು. ಎರಡು ಸೆಕೆಂಡು, ಮೂರು, ನಾಲ್ಕು. ಕೆಂಪಾಯಿತು, ಮತ್ತೆ ತಂತಿ ಮಾತ್ರ ಕಾಣುವಷ್ಟು ಮಂಕಾಯಿತು. “ಉಂಟು, ಜೀವ ಉಂಟು,” ಎಂದರು ಹಿರಿಯರು.

ಇಲ್ಲಿ ಕೆಪಾಸಿಟರಿನ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ದಾರಿ ತಪ್ಪುವುದು ಇಲ್ಲೇ. ಹಳೆಯ ಮೆಕ್ಯಾನಿಕ್‌ಗಳು ಇದನ್ನು ಕಂಡೆನ್ಸರ್ ಎನ್ನುತ್ತಾರೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ಎರಡು ಅಲ್ಯೂಮಿನಿಯಂ ಹಾಳೆಗಳು, ನಡುವೆ ದ್ರವದಲ್ಲಿ ನೆನೆಸಿದ ಕಾಗದ, ಎಲ್ಲವನ್ನೂ ಸುರುಳಿ ಸುತ್ತಿ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಒಂದು ಹಾಳೆಯ ಮೇಲೆ ಬೆಳೆಸಿದ ಅತಿ ತೆಳು ಆಕ್ಸೈಡ್ ಪದರವೇ ವಿದ್ಯುತ್ತನ್ನು ತಡೆದು ನಿಲ್ಲಿಸುವುದು. ವರ್ಷಗಟ್ಟಲೆ ಕರೆಂಟ್ ಕಾಣದಿದ್ದರೆ ಆ ಪದರ ಸವೆಯುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸೋರಿಕೆ ಹೆಚ್ಚಾಗಿ, ಕಾದು, ಕೆಲವೊಮ್ಮೆ ಒಡೆಯುತ್ತದೆ. ಸೀರೀಸ್ ಬಲ್ಬಿನ ಮೂಲಕ ಮೆಲ್ಲನೆ ಎಬ್ಬಿಸಿದರೆ ಪದರ ಮತ್ತೆ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಕಾಗದದಲ್ಲಿನ ದ್ರವ ಒಣಗಿದ್ದರೆ ಮಾತ್ರ ಉಪಾಯವಿಲ್ಲ. ಬಿಸಿ ಇದ್ದಲ್ಲಿ ಬೇಗ ಒಣಗುತ್ತದೆ, 10 ಡಿಗ್ರಿ ತಂಪಾದರೆ ಆಯುಷ್ಯ ಸುಮಾರು ಎರಡು ಪಟ್ಟು.

ಇಷ್ಟು ಓದಿಕೊಂಡ ಹೊಸಬರು ಸೆಟ್ಟಿನಲ್ಲಿರುವ ಅರವತ್ತು ಎಪ್ಪತ್ತು ಕೆಪಾಸಿಟರುಗಳನ್ನೂ ಒಂದೇ ವಾರಾಂತ್ಯದಲ್ಲಿ ಕಿತ್ತು ಹೊಸದು ಹಾಕಲು ಹೊರಡುತ್ತಾರೆ. ನಾನೂ ಪಟ್ಟಿ ಬರೆದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಲು ಸಿದ್ಧನಾಗಿದ್ದೆ. ಹಾಗೆ ಮಾಡಬಾರದೆಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ. ಅರವತ್ತು ಕೆಪಾಸಿಟರ್ ಎಂದರೆ ನೂರಿಪ್ಪತ್ತು ಬೆಸುಗೆ. ಎಪ್ಪತ್ತರ ದಶಕದ ಬೋರ್ಡಿನ ತಾಮ್ರದ ಪಟ್ಟಿ ಐರನ್ ಸ್ವಲ್ಪ ಹೊತ್ತು ಹೆಚ್ಚಾದರೂ ಎದ್ದು ಬರುತ್ತದೆ. ಒಂದನ್ನು ತಿರುಗುಮುರುಗಾಗಿ ಹಾಕಿದರೂ ಸಾಕು, ಎಲ್ಲವನ್ನೂ ಬದಲಿಸಿ ಮುಗಿಸಿದ ಮೇಲೆ ಸೆಟ್ಟು ಬಾಯಿ ಬಿಡದಿದ್ದರೆ ಎಲ್ಲಿ ಹುಡುಕುವುದು? ಮೊದಲಿದ್ದ ದೋಷ, ನಾವು ಸೇರಿಸಿದ ದೋಷ, ಎರಡೂ ಬೆರೆತು ಹೋಗಿರುತ್ತವೆ.

ಹಿರಿಯರು ನನ್ನ ಪಟ್ಟಿಯನ್ನು ಓದಿ ಮಡಚಿ ಕೊಟ್ಟರು. “ಇದ್ರಲ್ಲಿ ಹಾಳಾದ್ದು ಯಾವ್ದು ಹೇಳಿ ನೋಡುವ?” ನನಗೆ ಗೊತ್ತಿರಲಿಲ್ಲ. “ಹಾಗಾದ್ರೆ ಮೊದ್ಲು ಅಳತೆ ಮಾಡಿ ಆಯ್ತಾ. ಕೇಳ್ಬೇಕು ಅದರ ಹತ್ರ.”

ಅಳೆಯಲು ಶುರು ಮಾಡಿದೆವು. ಮೊದಲು ಪವರ್ ಸಪ್ಲೈನ ಎರಡು ದೊಡ್ಡ ಡಬ್ಬಿಗಳು, ತಲಾ 10,000 ಮೈಕ್ರೊಫ್ಯಾರಡ್. ಸೆಟ್ಟು ಆಫ್ ಮಾಡಿ ಪ್ಲಗ್ ಕಿತ್ತರೂ ಇವು 40 ವೋಲ್ಟ್ ಹಿಡಿದುಕೊಂಡು ಕೂತಿರುತ್ತವೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವವರಿದ್ದಾರೆ, ಕಿಡಿ ಹಾರಿ ಟರ್ಮಿನಲ್ ಸುಡುತ್ತದೆ. 1000 ಓಮ್, 5 ವಾಟ್‌ನ ರೆಸಿಸ್ಟರಿಗೆ ಎರಡು ಕ್ಲಿಪ್ ಬೆಸೆದು ಇಟ್ಟುಕೊಂಡರೆ ಒಂದು ನಿಮಿಷದಲ್ಲಿ ಖಾಲಿ. ಆಮೇಲೂ ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಬೇಕು. ಮೇನ್ಸ್ ಸ್ವಿಚ್ ಮತ್ತು ಫ್ಯೂಸಿನ ಬಳಿ ಬರಿ ತಂತಿ ಕಾಣುವಲ್ಲಿ 230 ವೋಲ್ಟ್ ಇರುತ್ತದೆ, ಅಲ್ಲಿ ಇನ್ಸುಲೇಶನ್ ಟೇಪ್ ಸುತ್ತಿಬಿಟ್ಟೆವು. ಹಳೆಯ ವಾಲ್ವ್ ಸೆಟ್ಟುಗಳ ಒಳಗೆ ಮುನ್ನೂರು ನಾನ್ನೂರು ವೋಲ್ಟ್ ಓಡುತ್ತದೆ. ಕಲಿಯುವವರು ಅವುಗಳಿಂದ ಶುರು ಮಾಡಬಾರದು.

ಆ ಡಬ್ಬಿಗಳು ದುರ್ಬಲವಾಗಿದ್ದರೆ ಸ್ಪೀಕರಿನಲ್ಲಿ 100 ಹರ್ಟ್ಸ್‌ನ ಗುಂಯ್ ಕೇಳಬೇಕು, ಏಕೆಂದರೆ ನಮ್ಮ 50 ಹರ್ಟ್ಸ್ ಕರೆಂಟು ರೆಕ್ಟಿಫೈಯರಿನಿಂದ ಹೊರಬರುವಾಗ ಎರಡು ಪಟ್ಟಾಗುತ್ತದೆ. ಅದಕ್ಕಿಂತ ದಪ್ಪಗಿನ 50 ಹರ್ಟ್ಸ್ ಸದ್ದು ಕೇಳಿದರೆ ದೋಷ ಬೇರೆ ಕಡೆ, ಹೆಚ್ಚಾಗಿ ಕೇಬಲ್ ಅಥವಾ ಅರ್ತಿಂಗಿನಲ್ಲಿ. ಮುಂದೆ ಸ್ಪೀಕರ್ ಜೋಡಿಸಿದಾಗ ನಮ್ಮ ಸೆಟ್ಟಿನಲ್ಲಿ ಎರಡೂ ಕೇಳಲಿಲ್ಲ. ದೊಡ್ಡ ಡಬ್ಬಿಗಳನ್ನು ಮುಟ್ಟಲಿಲ್ಲ. ಆದರೆ ಪಕ್ಕದ ರೆಗ್ಯುಲೇಟರ್ ಬೋರ್ಡಿನಲ್ಲಿ, ಬಿಸಿಯಾಗುವ ರೆಸಿಸ್ಟರುಗಳ ಮಗ್ಗುಲಲ್ಲಿದ್ದ ಐದು ಸಣ್ಣ ಕೆಪಾಸಿಟರುಗಳ ಬುಡದಲ್ಲಿ ಕಂದು ಬಣ್ಣದ ಗೋಂದು ಕಂಡಿತು. ಅಲುಗದಿರಲೆಂದು ಫ್ಯಾಕ್ಟರಿಯಲ್ಲಿ ಹಾಕಿದ್ದು. ಹೊಸದರಲ್ಲಿ ತಿಳಿ ಹಳದಿ, ಹಳತಾದಂತೆ ಕಪ್ಪಿಗೆ ತಿರುಗಿ, ತೇವ ಹೀರಿ, ಲೋಹದ ಕಾಲುಗಳನ್ನು ತಿನ್ನುತ್ತದೆ. ಕರಾವಳಿಯ ಗಾಳಿಯಲ್ಲಿ ಕೇಳಬೇಕೆ? ಗೋಂದನ್ನು ಕೆರೆದು ತೆಗೆದಾಗ ಒಂದು ಕೆಪಾಸಿಟರಿನ ಕಾಲು ಕೈಯಲ್ಲೇ ಬಂತು. ಆ ಐದನ್ನು ಮಾತ್ರ ಒಂದೊಂದಾಗಿ ಬದಲಿಸಿದೆವು. ಅಷ್ಟೇ ಮೈಕ್ರೊಫ್ಯಾರಡ್, ವೋಲ್ಟೇಜ್ ಅಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚು, 105 ಡಿಗ್ರಿಯ ಜಾತಿ. ಪಟ್ಟೆ ಇರುವ ಕಡೆ ಮೈನಸ್. ಒಂದು ಹಾಕಿದ ಕೂಡಲೇ ಸೀರೀಸ್ ಬೋರ್ಡಿನಲ್ಲಿ ಹೊತ್ತಿಸಿ ನೋಡುವುದು, ಆಮೇಲೆ ಇನ್ನೊಂದು.

ಸ್ಪೀಕರ್ ಜೋಡಿಸುವ ಮೊದಲು ಮಾಡಬೇಕಾದ ಅಳತೆ ಒಂದಿದೆ. ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿ.ಸಿ. ಎಷ್ಟಿದೆ ಎಂದು ನೋಡಬೇಕು. ಹಾಡಿಲ್ಲದಾಗ ಸೊನ್ನೆಯ ಹತ್ತಿರ ಇರಬೇಕು, 50 ಮಿಲಿವೋಲ್ಟ್ ದಾಟಿದರೆ ಕಾರಣ ಹುಡುಕಬೇಕು. ಹಲವು ವೋಲ್ಟ್ ಬಂದರೆ ಸ್ಪೀಕರಿನ ಸುರುಳಿ ಸುಟ್ಟುಹೋಗುತ್ತದೆ. ನಮ್ಮದು ಎಡಕ್ಕೆ 11, ಬಲಕ್ಕೆ 18. ಆದರೂ ಪರೀಕ್ಷೆಗೆ ಗುಜರಿಯಿಂದ ತಂದ ಸ್ಪೀಕರುಗಳನ್ನೇ ಜೋಡಿಸಿದೆವು.

ಸೀರೀಸ್ ಬಲ್ಬು ತೆಗೆದು ನೇರ ಕರೆಂಟ್ ಕೊಟ್ಟೆವು. ಡಯಲ್ ಬೆಳಗಿತು. ಐದು ಸೆಕೆಂಡಿನ ಮೇಲೆ ಒಳಗೆಲ್ಲೋ ‘ಟಕ್’ ಎಂಬ ಸದ್ದು. ಫೋನಿನಿಂದ ಹಾಡು ಹಚ್ಚಿದೆ. ಸದ್ದೇ ಇಲ್ಲ.

“ಟೇಪ್ ಮಾನಿಟರ್ ನೋಡಿ,” ಎಂದರು ಅವರು ಕುರ್ಚಿಯಿಂದ ಏಳದೆ. ಮುಖದ ಮೇಲೆ ಆ ಹೆಸರಿನ ಗುಂಡಿ ಒತ್ತಿಕೊಂಡೇ ಇತ್ತು. ಆ ಕಾಲದಲ್ಲಿ ಕ್ಯಾಸೆಟ್ ಡೆಕ್ಕಿನಲ್ಲಿ ರೆಕಾರ್ಡ್ ಆಗುತ್ತಿರುವುದನ್ನೇ ಕೇಳಿ ನೋಡಲು ಇಟ್ಟ ಗುಂಡಿ ಅದು. ಒತ್ತಿದರೆ ಸೆಟ್ಟು ಬೇರೆಲ್ಲ ಬಿಟ್ಟು ಡೆಕ್ಕಿಗಾಗಿ ಕಾಯುತ್ತದೆ, ಡೆಕ್ ಇಲ್ಲದಿದ್ದರೆ ಮೌನ. ಇಷ್ಟರಿಂದಲೇ ಒಳ್ಳೆಯ ಸೆಟ್ಟುಗಳು ‘ಸತ್ತಿದೆ’ ಎಂದು ಗುಜರಿಗೆ ಹೋಗಿವೆ. ಗುಂಡಿ ಬಿಡಿಸಿದೆ. ಬಲಗಡೆಯಿಂದ ಹಾಡು ಬಂತು. ಎಡಗಡೆ ಇಲ್ಲ.

ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು. ಅರ್ಧಕ್ಕಿಂತ ಮೇಲೆ ಒಯ್ದಾಗ ಎಡಗಡೆ ಒಮ್ಮೆಲೇ ಧಡ್ ಎಂದು ಬಂತು. ಮತ್ತೆ ಸಣ್ಣ ಮಾಡಿದರೆ ಒಂದೆರಡು ನಿಮಿಷ ಇದ್ದು, ಸೊರಗಿ, ಹೋಯಿತು. ಆ ಹೊತ್ತಿಗೆ ನನ್ನ ಮನಸ್ಸು ಮತ್ತೆ ಕೆಪಾಸಿಟರುಗಳ ಪಟ್ಟಿಗೆ ಓಡಿತ್ತು. ಹಿರಿಯರು ಕೇಳಿದ್ದು ಬೇರೆ ಪ್ರಶ್ನೆ: ದೋಷ ಯಾವ ಕೋಣೆಯಲ್ಲಿದೆ?

ಒಳಬರುವ ಕೇಬಲ್ಲಿನ ಎಡ-ಬಲ ಅದಲುಬದಲು ಮಾಡಿದೆವು. ಎಡಗಡೆಯೇ ಮಂಕು, ಅಂದರೆ ದೋಷ ಫೋನಿನಲ್ಲೂ ಇಲ್ಲ ಕೇಬಲ್ಲಿನಲ್ಲೂ ಇಲ್ಲ. ಸ್ಪೀಕರ್ ಅದಲುಬದಲು ಮಾಡಿದರೂ ಅದೇ. ಹಿಂಬದಿಯಲ್ಲಿ ಪ್ರಿ-ಔಟ್ ಮತ್ತು ಮೇನ್-ಇನ್ ಎಂಬ ಎರಡು ಜೋಡಿ ತೂತುಗಳನ್ನು ಕೂಡಿಸುವ ಯು ಆಕಾರದ ಲೋಹದ ಕೊಂಡಿಗಳಿದ್ದವು. ಪ್ರಿ-ಆಂಪ್ಲಿಫೈಯರಿನಿಂದ ಪವರ್ ಆಂಪ್ಲಿಫೈಯರಿಗೆ ದಾಟುವ ಸೇತುವೆ ಅದು. ಕಪ್ಪಿಟ್ಟಿದ್ದ ಕೊಂಡಿಗಳನ್ನು ಉಜ್ಜಿ ಹಾಕಿದೆವು. ಸದ್ದು ತುಸು ತಿಳಿಯಾಯಿತು, ಎಡಗಡೆ ಮಾತ್ರ ಹಾಗೇ. ಆಮೇಲೆ ಹೆಡ್‌ಫೋನ್ ಚುಚ್ಚಿದೆವು. ಎರಡೂ ಕಿವಿಯಲ್ಲಿ ಸಮನಾಗಿ, ಅತಿ ಸಣ್ಣ ವಾಲ್ಯೂಮಿನಲ್ಲೂ ಹಾಡು ಸ್ಪಷ್ಟ!

ಗೋಡೆಯ ನಕ್ಷೆಯ ಮುಂದೆ ನಿಂತೆ. ಪವರ್ ಆಂಪ್ಲಿಫೈಯರಿನಿಂದ ಹೊರಟ ಗೆರೆ ಎರಡಾಗಿ ಒಡೆಯುತ್ತದೆ. ಒಂದು ಹೆಡ್‌ಫೋನಿಗೆ, ಇನ್ನೊಂದು ಒಂದು ಸಣ್ಣ ಚೌಕದ ಮೂಲಕ ಸ್ಪೀಕರಿಗೆ. ಆ ಚೌಕದಲ್ಲಿ ರಿಲೇ ಎಂದು ಬರೆದಿತ್ತು. ಅಷ್ಟು ದಿನ ಅದೊಂದು ಕಾಗದದ ಮೇಲಿನ ಗೆರೆಗಳ ರಾಶಿ ಮಾತ್ರ ಆಗಿತ್ತು. ಆ ಕ್ಷಣ ಹಾಡು ಹೋಗುವ ದಾರಿ ನನಗೆ ಕಂಡಿತು.

ಸ್ವಿಚ್ ಹಾಕಿದ ಕೆಲ ಸೆಕೆಂಡಿನ ಮೇಲೆ ಬರುವ ಆ ‘ಟಕ್’ ಇದರದ್ದೇ. ಸೆಟ್ಟಿನೊಳಗಿನ ವೋಲ್ಟೇಜುಗಳು ನಿಲ್ಲುವವರೆಗೆ ಕಾದು, ಆಮೇಲೆ ಸ್ಪೀಕರನ್ನು ಕೂಡಿಸುತ್ತದೆ. ಅಪಾಯದ ಡಿ.ಸಿ. ಬಂದರೆ ತಕ್ಷಣ ಬಿಡಿಸುತ್ತದೆ. ಕೂಡುವ ಜಾಗದಲ್ಲಿ ಎರಡು ಸಣ್ಣ ಲೋಹದ ಗುಂಡಿಗಳು ಒಂದನ್ನೊಂದು ತಾಗಬೇಕು. ವರ್ಷಗಳ ಕಿಡಿ, ಉಪ್ಪುಗಾಳಿ ಸೇರಿ ಅವುಗಳ ಮೇಲೆ ಕಪ್ಪು ಪದರ ಕೂತರೆ ಸಣ್ಣ ಸಂಕೇತ ದಾಟಲಾರದು, ದೊಡ್ಡದು ಭೇದಿಸಿಕೊಂಡು ಹೋಗುತ್ತದೆ. ವಾಲ್ಯೂಮ್ ಏರಿಸಿದಾಗ ಬಂದು ಇಳಿಸಿದಾಗ ಹೋಗುವ ಚಾನೆಲ್ಲಿನ ಗುಟ್ಟು ಇದು.

ಪ್ಲಗ್ ಕಿತ್ತು, ಡಬ್ಬಿಗಳನ್ನು ಖಾಲಿ ಮಾಡಿ, ರಿಲೇಯ ಪಾರದರ್ಶಕ ಮುಚ್ಚಳ ತೆಗೆದೆವು. ಎಡಗಡೆಯ ಗುಂಡಿ ಇದ್ದಿಲ ಚೂರಿನಂತಿತ್ತು. ಸ್ಯಾಂಡ್‌ಪೇಪರ್ ಹಾಕಿದರೆ ಬೆಳ್ಳಿಯ ಲೇಪನ ಎದ್ದುಹೋಗುತ್ತದೆ. ಅದಕ್ಕೆ ವಿಸಿಟಿಂಗ್ ಕಾರ್ಡಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಹಾಕಿ, ಎರಡು ಗುಂಡಿಗಳ ನಡುವೆ ಇಟ್ಟು, ಮೇಲಿನಿಂದ ಮೆಲ್ಲಗೆ ಒತ್ತಿ ಎಳೆದೆ. ಪಟ್ಟಿಯ ಮೇಲೆ ಕಪ್ಪು ಗೆರೆ. ಮತ್ತೆ ಎಳೆದೆ, ಮತ್ತೆ ಕಪ್ಪು. ಹನ್ನೊಂದನೆಯ ಪಟ್ಟಿ ಬಿಳಿಯಾಗಿಯೇ ಹೊರಬಂತು.

ಅದೇ ದಿನ ವಾಲ್ಯೂಮ್, ಬಾಸ್, ಟ್ರೆಬಲ್, ಎಲ್ಲ ಗುಂಡಿಗಳ ಹಿಂದಿನ ಸಣ್ಣ ಕಿಂಡಿಯಲ್ಲಿ ಕ್ಲೀನರ್ ಬಿಟ್ಟು ಮೂವತ್ತು ನಲವತ್ತು ಸಲ ತಿರುಗಿಸಿದೆ. ಕರಕರ ಪೂರ್ತಿ ಹೋಯಿತು. ತುಕ್ಕಿಗೆ ಹೊಡೆಯುವ ಸ್ಪ್ರೇ ಇದಕ್ಕೆ ಬೇಡ, ಜಿಡ್ಡು ಉಳಿದು ಧೂಳು ಹಿಡಿಯುತ್ತದೆ. ಟ್ಯೂನಿಂಗ್ ಕೆಪಾಸಿಟರಿನ ಎಲೆಗಳಿಗಂತೂ ಏನನ್ನೂ ಸಿಂಪಡಿಸಬೇಡಿ.

ಸೆಟ್ಟು ಮುಚ್ಚಿ ಸ್ವಿಚ್ ಹಾಕಿದೆವು. ಐದು ಸೆಕೆಂಡು, ಟಕ್. ಎರಡೂ ಕಡೆಯಿಂದ ಹಾಡು. ಸ್ಪೀಕರುಗಳ ನಡುವೆ, ಏನೂ ಇಲ್ಲದ ಗೋಡೆಯ ಎದುರು, ಹಾಡುವವರ ದನಿ ಬಂದು ನಿಂತಿತು. ನಾನು ಖರ್ಚು ಮಾಡಿದ್ದು ಐದು ಕೆಪಾಸಿಟರು, ಒಂದು ಡಬ್ಬಿ ಕ್ಲೀನರ್, ಹನ್ನೊಂದು ಕಾಗದದ ಪಟ್ಟಿ. ಹಳೆಯ ಸೆಟ್ಟುಗಳ ದೋಷ ಬಹಳ ಸಲ ಇಂಥ ತಾಗುವ ಜಾಗಗಳಲ್ಲೇ ಇರುತ್ತದೆ: ರಿಲೇ, ಸ್ವಿಚ್ಚು, ಗುಂಡಿ, ಕೊಂಡಿ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಬಯಾಸ್ ಸರಿ ಇದೆಯೇ ನೋಡೋಣ ಎಂದು ಮುಂದಿನ ಭಾನುವಾರ ಒಬ್ಬನೇ ಕೂತೆ. ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಹಾಡಿಲ್ಲದಾಗಲೂ ಸ್ವಲ್ಪ ಕರೆಂಟು ಹರಿಯುತ್ತಿರಬೇಕು. ಕಡಿಮೆಯಾದರೆ ಸಣ್ಣ ದನಿಯಲ್ಲಿ ಒರಟುತನ ಬರುತ್ತದೆ, ಹೆಚ್ಚಾದರೆ ಟ್ರಾನ್ಸಿಸ್ಟರ್ ಬೇಯುತ್ತದೆ. ಅಳೆಯುವುದು ಎಮಿಟರ್ ರೆಸಿಸ್ಟರಿನ ಎರಡು ತುದಿಗಳ ನಡುವೆ. ಅರ್ಧ ಓಮ್‌ನ ಮೇಲೆ 20 ಮಿಲಿವೋಲ್ಟ್ ಕಂಡರೆ ಓಮ್‌ನ ನಿಯಮದಂತೆ 40 ಮಿಲಿಆಂಪಿಯರ್. ಸೀರೀಸ್ ಬಲ್ಬಿದ್ದರೆ ವೋಲ್ಟೇಜ್ ಇಳಿದು ಈ ಅಳತೆ ಸುಳ್ಳಾಗುತ್ತದೆ, ಆದ್ದರಿಂದ ನೇರ ಕರೆಂಟಿನಲ್ಲೇ ಮಾಡಬೇಕು. ಅಂದರೆ ಕಾಪಾಡುವ ಬಲ್ಬು ಇಲ್ಲ. ಎಡಗಡೆ ಮುಗಿಸಿ ಬಲಗಡೆಗೆ ಹೋದಾಗ ಪ್ರೋಬಿನ ಮೊನೆ ಬೆವರಿದ ಬೆರಳಿನಿಂದ ಜಾರಿ ಪಕ್ಕದ ಕಾಲಿಗೆ ತಾಗಿತು. ಕ್ಷಣಮಾತ್ರ. ಸಣ್ಣ ಚಟ್ ಸದ್ದು, ಸುಟ್ಟ ವಾಸನೆ, ಹಿಂದೆಯೇ ಟಕ್ ಎಂದು ರಿಲೇ ಬಿಟ್ಟುಕೊಂಡಿತು. ಎರಡು ಔಟ್‌ಪುಟ್ ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಫ್ಯೂಸ್ ಹೋದವು. ಸ್ಪೀಕರ್ ಉಳಿಯಿತು, ಅದನ್ನು ಉಳಿಸಿದ್ದು ಹಿಂದಿನ ವಾರ ನಾನು ಒರೆಸಿಕೊಟ್ಟ ಆ ರಿಲೇ. 45 ವರ್ಷ ಬಾಳಿದ ಟ್ರಾನ್ಸಿಸ್ಟರುಗಳನ್ನು ನನ್ನ ಕೈ ಕೊಂದಿತೆಂಬ ಸಂಕಟಕ್ಕೆ ಎರಡು ದಿನ ಆ ಕೋಣೆಗೆ ಹೋಗಲಿಲ್ಲ.

ಹಿರಿಯರು ಬೈಯಲಿಲ್ಲ. “ಪ್ರೋಬ್ ಕೈಯಲ್ಲಿ ಹಿಡೀಬಾರ್ದು ಮಾರಾಯ್ರೆ. ಸ್ವಿಚ್ ಆಫ್ ಇರುವಾಗ ಕ್ಲಿಪ್ ಸಿಕ್ಕಿಸಿ, ಕೈ ತೆಗೆದು, ಆಮೇಲೆ ಆನ್ ಮಾಡುದು,” ಎಂದರು. ಆ ಟ್ರಾನ್ಸಿಸ್ಟರುಗಳು ಈಗ ತಯಾರಾಗುವುದಿಲ್ಲ. ಮಾರುಕಟ್ಟೆಯಲ್ಲಿ ಅದೇ ನಂಬರ್ ಅಚ್ಚಾದ ಹೊಸ ಡಬ್ಬಿಗಳು ಸಿಗುತ್ತವೆ, ಅವನ್ನು ನಂಬುವಂತಿಲ್ಲ. ಹಳೆಯ ಸುಟ್ಟದ್ದನ್ನೂ ತಂದ ಹೊಸದನ್ನೂ ಗರಗಸದಿಂದ ಕೊಯ್ದು ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರೊಳಗೆ ಕಿರುಬೆರಳ ಉಗುರಿನ ಅರ್ಧದಷ್ಟು ಸಿಲಿಕಾನ್ ಚೂರು, ಹೊಸದರೊಳಗೆ ಎಳ್ಳಿಗಿಂತ ಸ್ವಲ್ಪ ದೊಡ್ಡದು. ಕೊನೆಗೆ ಇಂದಿಗೂ ತಯಾರಾಗುವ ಹೊಂದಿಕೆಯ ಜೋಡಿಯನ್ನು ಹಾಕಿದೆವು. ಲೋಹದ ಡಬ್ಬಿಯ ಮೈಯೇ ಕಲೆಕ್ಟರ್ ಆದ್ದರಿಂದ ಅಡಿಯಲ್ಲಿ ಅಭ್ರಕದ ಹಾಳೆ, ಎರಡೂ ಬದಿಗೆ ಬಿಳಿ ಹೀಟ್‌ಸಿಂಕ್ ಪೇಸ್ಟ್ ತೆಳುವಾಗಿ. ಮೈಗೂ ಹೀಟ್‌ಸಿಂಕಿಗೂ ಶಾರ್ಟ್ ಇಲ್ಲವೆಂದು ಅಳೆದು, ಮತ್ತೆ ಸೀರೀಸ್ ಬೋರ್ಡಿನಿಂದ ಆರಂಭ. ಮೂರು ವಾರ ಹಿಡಿಯಿತು.

ಉಳಿದದ್ದು ರೇಡಿಯೊ. ಮಂಗಳೂರು ಆಕಾಶವಾಣಿಯ 100.3 ಬ್ರಹ್ಮಾವರಕ್ಕೆ ದೂರವಾಯಿತು. ಅಟ್ಟದಲ್ಲೇ ಸಿಕ್ಕ, ದೂರದರ್ಶನದ ಕಾಲದ ಚಪ್ಪಟೆ ಆಂಟೆನಾ ವಯರಿನಿಂದ ಒಂದೂವರೆ ಮೀಟರಿಗೆ ತುಸು ಕಡಿಮೆ ಉದ್ದ ಕತ್ತರಿಸಿ, ಎರಡು ತುದಿಗಳಲ್ಲೂ ಒಳಗಿನ ತಂತಿಗಳನ್ನು ಸೇರಿಸಿ ಬೆಸೆದು, ಒಂದು ತಂತಿಯನ್ನು ಮಾತ್ರ ನಡುವೆ ಕತ್ತರಿಸಿ, ಅಲ್ಲಿಂದ ಅದೇ ವಯರನ್ನು ಸೆಟ್ಟಿನ 300 ಓಮ್ ಟರ್ಮಿನಲ್ಲಿಗೆ ಎಳೆದೆ. ಕಿಟಕಿಯ ಮೇಲೆ ಟಿ ಆಕಾರದಲ್ಲಿ ಅಂಟಿಸಿದೆ. ಹಿಂಬದಿಯಲ್ಲಿ 50 ಮತ್ತು 75 ಎಂಬ ಪುಟ್ಟ ಸ್ವಿಚ್ಚಿತ್ತು. ಪ್ರಸಾರದಲ್ಲಿ ಎತ್ತಿ ಕಳಿಸುವ ಟ್ರೆಬಲ್ಲನ್ನು ಸೆಟ್ಟು ಎಷ್ಟು ಇಳಿಸಬೇಕು ಎಂಬ ಲೆಕ್ಕ ಅದು. ಅಮೆರಿಕದಲ್ಲಿ 75 ಮೈಕ್ರೊಸೆಕೆಂಡ್, ನಮ್ಮಲ್ಲಿ 50. ಅದನ್ನು 50ಕ್ಕೆ ತಳ್ಳಿದಾಗ ತಾಳದ ಕಂಚಿನ ನಾದ ಮುಸುಕು ತೆಗೆದಂತೆ ಬೆಳಗಿತು.

ಮುಳ್ಳು 100ರ ಬಳಿ ಬಂದಾಗ ಸ್ಟೀರಿಯೊ ಎಂಬ ಕೆಂಪು ದೀಪ ಮಿಣುಕಿತು. ಎಫ್‌ಎಂ ಅಲೆಯೊಳಗೆ ನಮ್ಮ ಕಿವಿಗೆ ಕೇಳದ 19 ಕಿಲೋಹರ್ಟ್ಸ್‌ನ ಒಂದು ಶ್ರುತಿ ಅಡಗಿರುತ್ತದೆ, ಅದನ್ನು ಗುರುತಿಸಿದರೆ ದೀಪ ಹೊತ್ತುತ್ತದೆ. ಎಡ ಬಲ ಕೂಡಿಸಿದ ಸದ್ದು ಒಂದು ಕಡೆ, ಅವೆರಡರ ವ್ಯತ್ಯಾಸ 38 ಕಿಲೋಹರ್ಟ್ಸ್‌ನ ಹೆಗಲೇರಿ ಇನ್ನೊಂದು ಕಡೆ ಬರುತ್ತದೆ. ಸೆಟ್ಟು ಇವನ್ನು ಕೂಡಿ ಕಳೆದು ಎಡ ಬಲ ಬಿಡಿಸಿಕೊಡುತ್ತದೆ. ದೂರದ ಸ್ಟೇಷನ್ನಿನಲ್ಲಿ ಆ ವ್ಯತ್ಯಾಸದ ಭಾಗ ಸೊರಗಿ ‘ಹಿಸ್’ ಸೇರುತ್ತದೆ. ಮೋನೊ ಗುಂಡಿ ಒತ್ತಿದೆ, ಸದ್ದು ತಿಳಿಯಾಯಿತು. ಟ್ಯೂನರಿನೊಳಗಿನ ಕಾಯಿಲ್‌ಗಳ ಬಣ್ಣಬಣ್ಣದ ಸ್ಕ್ರೂಗಳನ್ನು ನಾನು ಮುಟ್ಟಿಲ್ಲ. ಸಿಗ್ನಲ್ ಜನರೇಟರ್ ಇಲ್ಲದವರು ಮುಟ್ಟಲೂಬಾರದು.

ಸೆಟ್ಟನ್ನು ಅದು ಮೊದಲು ಇದ್ದ ಚಾವಡಿಯ ಮೂಲೆಗೇ ಒಯ್ದು ಇಟ್ಟೆ, ಮೇಲೆ ಗಾಳಿಯಾಡಲು ಒಂದು ಗೇಣು ಜಾಗ ಬಿಟ್ಟು. ಬಟ್ಟೆ ಹೊದಿಸಬೇಡಿ ಎಂದು ದೊಡ್ಡಮ್ಮನಿಗೆ ಹೇಳಿದೆ. ಸ್ವಿಚ್ ಅವರೇ ಒತ್ತಿದರು. ಡಯಲ್ ಬೆಳಗಿತು, ಅವರು ಏನೂ ಹೇಳಲಿಲ್ಲ. ಐದು ಸೆಕೆಂಡಿನ ಮೇಲೆ ಒಳಗಿನಿಂದ ಟಕ್ ಎಂದಾಗ ತಲೆಯೆತ್ತಿ ನೋಡಿದರು.

“ಇದು ಹೀಗೇ ಶಬ್ದ ಮಾಡ್ತಿತ್ತು. ಅಡುಗೆಮನೆಯಲ್ಲಿದ್ರೂ ನಂಗೆ ಗೊತ್ತಾಗ್ತಿತ್ತು, ಅವರು ರೇಡಿಯೊ ಹಾಕಿದ್ರು ಅಂತ.”

ಡಯಲಿನ ಬಲತುದಿಯ ಬಲ್ಬು ಸುಟ್ಟುಹೋಗಿದೆ. ಫ್ಯೂಸಿನ ಆಕಾರದ, 8 ವೋಲ್ಟಿನ ಪುಟ್ಟ ಬಲ್ಬು ಅದು, ಎರಡು ಕಡೆ ಕೇಳಿದ್ದೇನೆ, ಇನ್ನೂ ಸಿಕ್ಕಿಲ್ಲ. 104ರಿಂದ ಆಚೆಗೆ ಕತ್ತಲು. ದೊಡ್ಡಮ್ಮ ಕೇಳುವುದು 100.3 ಮಾತ್ರ.